ಕುಣಿಗಲ್ ಕೆರೆಯ ಯಾಟ್‌ಗೆ ಸಿಕ್ಕ ಇಂಜಿನಿಯರ್

ನನ್ನ ತಂಗಿ ಕುಣಿಗಲ್ ಕೆರೆಯಲ್ಲಿ ದೋಣಿ ವಿಹಾರ ನಡೆಸುತ್ತಾಳೆ. ಮೊದಲು ಕಾಲಲ್ಲಿ ತುಳಿಯುವ ಬಾತುಕೋಳಿ ಆಕಾರದ ದೋಣಿಗಳು ನಾಲ್ಕಿದ್ದವು. ಹೋದ ವರ್ಷ ಅವು ಸಾಲದೆನಿಸಿ, ಕರಾವಳಿಯಲ್ಲಿ ಯಾರೋ ಮಾರಲಿಟ್ಟಿದ್ದ ಹಳೇ ಯಾಟ್ ಒಂದನ್ನು ಲಾರಿಯ ಮೇಲೆ ಹೇರಿಸಿಕೊಂಡು ಬಂದಳು. ಹಾಯಿಕಂಬ, ಆರು ಜನ ಮಂಡಿಗೆ ಮಂಡಿ ತಾಗಿಸಿಕೊಂಡು ಕೂರಬಹುದಾದ ಪುಟ್ಟ ಕೋಣೆ, ಕೆಟ್ಟುಹೋದ ಇಂಜಿನ್. ಮಾರಿದವರೇ ಕಳಿಸಿದ ಫಿಟ್ಟರ್ ಹೊಸ ಡೀಸೆಲ್ ಇಂಜಿನ್ ಕೂರಿಸಿ, ಎರಡು ಸುತ್ತು ಓಡಿಸಿ ತೋರಿಸಿ ಹೋದ. ಮೂರನೇ ಸುತ್ತಿಗೆ ದೋಣಿ ಗಡಗಡ ನಡುಗಿತು. ಇಂಜಿನ್ನಿನಿಂದ ಹಿಂಬದಿಯಲ್ಲಿ ನೀರು ತಳ್ಳುವ ಫ್ಯಾನಿಗೆ ಹೋಗುವ ಶಾಫ್ಟಿನ ಸುತ್ತ ನೀರು ಒಳಕ್ಕೆ ಜಿನುಗತೊಡಗಿತು. ಫಿಟ್ಟರ್ ಆಮೇಲೆ ಫೋನ್ ಎತ್ತಲೇ ಇಲ್ಲ.

ತಂಗಿ ಮರಳೂರಿನ ನನ್ನ ವರ್ಕ್‌ಶಾಪಿಗೆ ಬಂದಳು. ಪಂಪ್‌ಸೆಟ್ಟು, ಟ್ರ್ಯಾಕ್ಟರು ರಿಪೇರಿ ಮಾಡುತ್ತ ನಾನು ಅಲ್ಲಿ ಇಪ್ಪತ್ತೇಳು ವರ್ಷಗಳಿಂದ ಕೂತಿದ್ದೇನೆ.

“ಅಣ್ಣ, ಇನ್ನೊಬ್ಬ ಮೋಸಗಾರನ ಕೈಗೆ ಕೊಡಕ್ಕೆ ನನ್ ಕೈಲಿ ಆಗಲ್ಲ. ನಂಬೋ ಅಂಥೋರು ಬೇಕು. ಗುಬ್ಬೀಲಿ ನಿನ್ ಫ್ರೆಂಡ್ ಇದಾರಲ್ಲ, ಹಡಗಲ್ಲಿ ಇಂಜಿನಿಯರ್ ಆಗಿದ್ರಲ್ಲ, ಅವ್ರನ್ನ ಒಂದ್ಸಲ ಕೇಳ್ತೀಯಾ?”

ನನ್ನದೇ ವರ್ಕ್‌ಶಾಪಿನಲ್ಲಿ ನಿಂತು ಅವಳು ಅವನ ಮಾತೆತ್ತಿದ್ದು ನನಗೆ ಚುಚ್ಚಿತು. ಕೇಳ್ತೀನಿ ಎಂದೆ.

ತುಮಕೂರಿನಲ್ಲಿ ಡಿಪ್ಲೊಮಾ ಓದುವಾಗ ನಾನೂ ಅವನೂ ಒಂದೇ ಬೆಂಚಿನವರು. ಲೇತ್ ಪ್ರಾಕ್ಟಿಕಲ್‌ನಲ್ಲಿ ಮೇಷ್ಟ್ರು ನನ್ನ ಕೆಲಸವನ್ನೇ ಎತ್ತಿ ಹಿಡಿದು ತೋರಿಸುತ್ತಿದ್ದರು. ಹಡಗಿನ ತರಬೇತಿಗೆ ಇಬ್ಬರೂ ಅರ್ಜಿ ಹಾಕಿದೆವು, ಇಬ್ಬರೂ ಪರೀಕ್ಷೆ ಪಾಸಾದೆವು. ಚೆನ್ನೈನಲ್ಲಿ ವೈದ್ಯಕೀಯ ತಪಾಸಣೆ. ಡಾಕ್ಟರು ಬಣ್ಣದ ಚುಕ್ಕೆಗಳ ಪುಸ್ತಕ ತೆರೆದು, ಇದರಲ್ಲಿ ಯಾವ ಅಂಕಿ ಕಾಣುತ್ತೆ ಎಂದು ಕೇಳಿದರು. ಅವನಿಗೆ ಅಂಕಿ ಕಂಡಿತು. ನನಗೆ ಬರೀ ಚುಕ್ಕೆಗಳು ಕಂಡವು. ಕೆಂಪಿಗೂ ಹಸಿರಿಗೂ ನನ್ನ ಕಣ್ಣು ಸರಿಯಾಗಿ ವ್ಯತ್ಯಾಸ ಮಾಡುವುದಿಲ್ಲ ಎಂದು ನನಗೆ ಗೊತ್ತಾದದ್ದೇ ಅವತ್ತು. ಅವನು ಅಲ್ಲೇ ಉಳಿದ. ನಾನು ರೈಲು ಹತ್ತಿ ಊರಿಗೆ ಬಂದೆ.

ಇಪ್ಪತ್ತಾರು ವರ್ಷ ಅವನು ಸಮುದ್ರದ ಮೇಲಿದ್ದ. ಟಿವಿಯಲ್ಲಿ ಯಾವುದಾದರೂ ಬಂದರು ಕಂಡರೆ ನಾನು ಚಾನೆಲ್ ಬದಲಾಯಿಸುತ್ತಿದ್ದೆ. ರಜೆಗೆ ಬಂದಾಗಲೆಲ್ಲ ಅವನು ಚಾಕೊಲೇಟ್ ಡಬ್ಬಿ ಹಿಡಿದು ಮನೆಗೆ ಬರುತ್ತಿದ್ದ. ಹೆಂಡತಿ ಮಕ್ಕಳು ತಿನ್ನುತ್ತಿದ್ದರು. ನಾನು ಹಲ್ಲು ನೋವು ಎನ್ನುತ್ತಿದ್ದೆ. ಎರಡು ವರ್ಷದ ಹಿಂದೆ ಅವನು ಕೆಲಸ ಬಿಟ್ಟು ಗುಬ್ಬಿಯ ತೆಂಗಿನ ತೋಟಕ್ಕೆ ವಾಪಸ್ ಬಂದಾಗ ನನಗೆ ಸಂತೋಷವಾಯಿತು, ಗೆಳೆಯ ಹತ್ತಿರ ಬಂದನೆಂದೇನೂ ಅಲ್ಲ. ಇನ್ನು ಅವನೂ ನನ್ನ ಹಾಗೇ ನೆಲದ ಮೇಲಿನ ಮನುಷ್ಯನಾದ ಎಂದು. ಬರೆಯಲು ನಾಚಿಕೆಯಾಗುತ್ತದೆ.

ಎರಡು ದಿನ ಬಿಟ್ಟು ತಂಗಿಗೆ ಹೇಳಿದೆ, “ಕೇಳ್ದೆ ಕಣವ್ವ. ಇಂಥ ಸಣ್ಣ ದೋಣಿಗೆಲ್ಲ ಬರಲ್ವಂತೆ. ಬುಡು, ನಾನೇ ಮಾಡ್ಕೊಡ್ತೀನಿ.”

ನಾನು ಅವನಿಗೆ ಫೋನೇ ಮಾಡಿರಲಿಲ್ಲ.

ದೋಣಿಯನ್ನು ದಡಕ್ಕೆ ಎಳೆಸಿ ಹಳೇ ಟೈರುಗಳ ಮೇಲೆ ನಿಲ್ಲಿಸಿದೆ. ಫಿಟ್ಟರ್ ಇಂಜಿನ್ನಿನ ಕಾಲಡಿ ಪ್ಲೈವುಡ್ ಚೂರುಗಳನ್ನು ತುರುಕಿದ್ದ. ಅವನ್ನೆಲ್ಲ ಕಿತ್ತು, ನನ್ನ ಕೈಯಾರೆ ಕತ್ತರಿಸಿದ ಉಕ್ಕಿನ ಪ್ಲೇಟುಗಳನ್ನು ಹಾಕಿದೆ. ಇಂಜಿನ್ನೂ ಶಾಫ್ಟೂ ಸೇರುವ ಜಾಗದಲ್ಲಿ ಎರಡು ಚಕ್ರಗಳು ಮುಖಕ್ಕೆ ಮುಖ ಕೊಟ್ಟು ಕೂರಬೇಕು. ನಡುವೆ ಸಂದಿದೆಯೇ ಎಂದು ತೆಳ್ಳಗಿನ ಗೇಜಿನ ಎಲೆ ತೂರಿಸಿ ಸುತ್ತಲೂ ನೋಡಿದೆ. ಎಲ್ಲೂ ಹೋಗಲಿಲ್ಲ. ಐದು ದಿನದ ಕೆಲಸ. ಇನ್ನು ಗುಬ್ಬಿಯವನ ಹಂಗಿಲ್ಲ ಎಂದುಕೊಂಡೆ.

ದೋಣಿಯನ್ನು ನೀರಿಗಿಳಿಸಿ ನಾನೂ ತಂಗಿಯೂ ಹೊರಟೆವು. ಕೆರೆಯ ನಡುವೆ ಅದೇ ನಡುಕ ಶುರುವಾಯಿತು. ಹತ್ತು ನಿಮಿಷದಲ್ಲಿ ಆ ಎರಡು ಚಕ್ರಗಳನ್ನು ಬಿಗಿದಿದ್ದ ಬೋಲ್ಟುಗಳು ಟಕಟಕ ಮುರಿದು, ಇಂಜಿನ್ ಸುಮ್ಮನೆ ಅರಚಿಕೊಂಡಿತು, ದೋಣಿ ನಿಂತಲ್ಲೇ ನಿಂತಿತು. ತಂಗಿಯ ಗಂಡ ಬಾತುಕೋಳಿ ದೋಣಿ ತುಳಿದುಕೊಂಡು ಬಂದು ಹಗ್ಗ ಕಟ್ಟಿ ನಮ್ಮನ್ನು ಎಳೆದುಕೊಂಡು ಹೋದ. ಏರಿಯ ಮೇಲೆ ನಿಂತವರು ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದರು.

ಮಾರನೆಯ ದಿನ ತಂಗಿ ನನಗೆ ಹೇಳದೆ ಬಸ್ಸು ಹತ್ತಿ ಗುಬ್ಬಿಗೆ ಹೋದಳು. ಅದರ ಮರುದಿನ ಬೆಳಗ್ಗೆ ಫೋನ್ ಮಾಡಿ, “ಅವ್ರು ಬಂದವ್ರೆ, ನೀನೂ ಬಾ,” ಎಂದಳು. ಹೋದೆ. ಏರಿಯ ಮೇಲೇ ಕಾದಿದ್ದಳು.

“ನೀನು ಅವ್ರನ್ನ ಕೇಳೇ ಇಲ್ಲ.”

ನಾನು ವ್ಯಾನಿನ ಕೀಯನ್ನು ಜೇಬಿಗಿಳಿಸಿದೆ.

“ನನ್ ದೋಣಿಗಿಂತ ನಿನ್ ಹೊಟ್ಟೆಕಿಚ್ಚೇ ದೊಡ್ಡದಾಯ್ತಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಇಳಿದು ಹೋದಳು.

ಅವನು ನೀರಲ್ಲೇ ಕಟ್ಟಿಹಾಕಿದ್ದ ದೋಣಿಯೊಳಗೆ ಮಂಡಿಯೂರಿ, ಕನ್ನಡಕ ಹಣೆಗೇರಿಸಿ, ಟಾರ್ಚ್ ಹಿಡಿದು ಇಂಜಿನ್ನಿನ ಕೆಳಗೆ ನೋಡುತ್ತಿದ್ದ. ತಂಗಿ ಬಗ್ಗಿ, “ಅಣ್ಣ, ಕಾಫಿ ತರ್ಲಾ?” ಎಂದು ಅವನನ್ನು ಕೇಳಿದಳು. ಅವಳ ಬಾಯಲ್ಲಿ ಆ ಪದ ನನ್ನೊಬ್ಬನದೇ ಎಂದುಕೊಂಡಿದ್ದೆ.

“ಈ ಪ್ಲೇಟ್ ಯಾರ್ ಹಾಕಿದ್ದೋ?” ಅವನು ತಲೆಯೆತ್ತದೆ ಕೇಳಿದ.

“ನಾನೇ.”

“ನೋಡಿದ್ ತಕ್ಷಣ ಅನ್ಕೊಂಡೆ. ಕಾಲೇಜಲ್ಲೂ ಹಿಂಗೇ ಮಾಡ್ತಿದ್ದೆ ನೀನು. ಕೆಲಸದಲ್ಲಿ ಏನೂ ತಪ್ಪಿಲ್ಲ ಕಣೋ. ದಡದ ಮೇಲೆ ಅಳತೆ ತಗೊಂಡೆ, ಅಷ್ಟೇ. ದೋಣಿ ನೀರಿಗಿಳಿದ್ರೆ ಅದರ ಮೈ ಚೂರು ಬಾಗುತ್ತೆ. ಒಂದಿನ ನೀರಲ್ಲೇ ಬಿಟ್ಟು, ಆಮೇಲೆ ನೋಡ್ಬೇಕು.”

ಗೇಜು ನನ್ನ ಕೈಗೇ ಕೊಟ್ಟ. ದಡದ ಮೇಲೆ ಒಂದು ಎಲೆಯೂ ಹೋಗದ ಸಂದಿಯಲ್ಲಿ, ಮೇಲ್ಭಾಗದಲ್ಲಿ ಈಗ ಎರಡು ಎಲೆ ಸಲೀಸಾಗಿ ಹೋದವು. ಅವನು ಗೇಲಿ ಮಾಡಿದ್ದರೆ ನನಗೆ ಹಗುರಾಗುತ್ತಿತ್ತು. ಅವನಿಗೆ ಇದು ಗೊತ್ತಿದೆ, ನನಗೆ ಗೊತ್ತಿಲ್ಲ, ಅವನು ಆ ನೀರಿನ ಮೇಲೆ ಬದುಕಿದ್ದಾನೆ, ನಾನು ಬದುಕಿಲ್ಲ. ಅಷ್ಟೇ ನನ್ನ ತಲೆಯಲ್ಲಿ ಸುತ್ತುತ್ತಿತ್ತು.

ಎರಡು ದಿನ ಅವನು ಅಳತೆ ಹೇಳಿದ, ನಾನು ನಟ್ಟು ತಿರುಗಿಸಿದೆ. ಇಂಜಿನ್ನೇ ಬದಲಾಯಿಸಬೇಕೇನೋ ಎಂದು ತಂಗಿ ಹೆದರಿದ್ದಳು. “ಇಂಜಿನ್ ಚೆನ್ನಾಗಿದೆಯಮ್ಮ, ಯಾರ್ ಹೇಳಿದ್ರೂ ಬದಲಾಯ್ಸಬೇಡ,” ಎಂದ. ನನ್ನ ಸುಳ್ಳಿನ ಬಗ್ಗೆ ಒಂದು ಮಾತೂ ಆಡಲಿಲ್ಲ.

ಮೂರನೇ ದಿನ ಯಾಟ್ ತೂಬಿನವರೆಗೂ ಹೋಗಿ ಬಂತು. ನಡುಕವಿಲ್ಲ, ಒಳಗೆ ಒಂದು ತೊಟ್ಟು ನೀರಿಲ್ಲ. ಏರಿಯ ಮೇಲೆ ಯಾರೋ ಕೇಳಿದ್ದಕ್ಕೆ ತಂಗಿ, “ನಮ್ ಗುಬ್ಬಿ ಅಣ್ಣ ಸರಿ ಮಾಡಿದ್ದು,” ಎಂದಳು. ನಾನು ಪಕ್ಕದಲ್ಲೇ ಕೈಗೆ ಮೆತ್ತಿದ ಗ್ರೀಸು ಒರೆಸಿಕೊಳ್ಳುತ್ತಿದ್ದೆ.

ಸಂಜೆ ನನ್ನ ವ್ಯಾನಿನಲ್ಲಿ ಅವನನ್ನು ಗುಬ್ಬಿಗೆ ಬಿಡಲು ಹೊರಟೆ. ಹೆಬ್ಬೂರು ದಾಟಿತು.

“ಅವ್ಳಿಗೆ ನಾನು ಸುಳ್ಳು ಹೇಳಿದ್ದೆ,” ಎಂದೆ.

“ಗೊತ್ತು ಬುಡು.”

ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳದ್ದನ್ನು ಆಗ ಕೇಳಿದೆ. “ಹಡಗಲ್ಲಿ ಹೆಂಗಿತ್ತೋ?”

ಕಷ್ಟ ಇತ್ತು ಎನ್ನಲಿ, ಹೆಂಡತಿ ಮಕ್ಕಳ ಮುಖ ನೋಡದೆ ನರಳಿದೆ ಎನ್ನಲಿ, ನೀನೇ ಪುಣ್ಯವಂತ ಎನ್ನಲಿ ಎಂದು ಮನಸ್ಸು ಕಾಯುತ್ತಿತ್ತು. ಅವನು ಕಿಟಕಿಯ ಗಾಜು ಇಳಿಸಿದ.

“ಚೆನ್ನಾಗಿತ್ತು ಕಣೋ. ತುಂಬಾ ಚೆನ್ನಾಗಿತ್ತು.”

ಮತ್ತೆ ಹೇಳುತ್ತ ಹೋದ. ಇಂಜಿನ್ ರೂಮಿನ ಕಾವು, ಪಾಳಿ ಮುಗಿಸಿ ಏಣಿ ಹತ್ತಿ ಮೇಲೆ ಬಂದಾಗ ಮುಖಕ್ಕೆ ಹೊಡೆಯುವ ಗಾಳಿ, ಒಮ್ಮೆ ನಡುಸಮುದ್ರದಲ್ಲಿ ದೊಡ್ಡ ಇಂಜಿನ್ ನಿಂತಾಗ ಕವಿದ ನಿಶ್ಶಬ್ದ. ನನ್ನ ಹೊಟ್ಟೆ ಯಾವತ್ತಿನಂತೆ ಉರಿಯಿತು. ಆದರೂ ವ್ಯಾನನ್ನು ನಿಧಾನಕ್ಕೇ ಓಡಿಸಿದೆ. ಗುಬ್ಬಿಯಲ್ಲಿ ಅವನ ಗೇಟಿನ ಮುಂದೆ ನಿಲ್ಲಿಸಿದಾಗ, ನಿಂತುಹೋದ ಆ ಇಂಜಿನ್ನಿನ ಕತೆ ಇನ್ನೂ ಅರ್ಧದಲ್ಲಿತ್ತು. ನಾನು ಕೀ ತಿರುಗಿಸಿ ವ್ಯಾನ್ ಆಫ್ ಮಾಡಿ, “ಆಮೇಲೆ?” ಎಂದೆ.