ತೊಂಬತ್ತೇಳಕ್ಕೆ ನಿಂತ ಲೆಕ್ಕ

ಹಾವೇರಿ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಗಣಿತದ ಭಯ ಬಿಡಿಸಿದ ಶಿಕ್ಷಕರ ಸಾಲಿನಲ್ಲಿ ಶ್ರೀ ಇಸಾಕಸಾಬ ಮಾಸ್ತರರ ಹೆಸರು ಮುಂದಿದೆ. ಈ ವರ್ಷ ನಿವೃತ್ತರಾದ ಅವರು ಈ ಸಂಪುಟ ತರುತ್ತಿರುವ ಅಭಿನಂದನ ಸಮಿತಿಗೆ ಹಾಕಿದ ಷರತ್ತು ಒಂದೇ. "ಹತ್ತು ಲಕ್ಷದ ಒಂದರ ಸುದ್ದಿ ಬರೀರಿ. ಅದನ್ನ ಬಿಟ್ಟು ಹೊಗಳಿದ್ರ ನಾ ಹಾರ ಹಾಕಿಸ್ಕೊಳ್ಳಾಂವಲ್ಲ."

1992ರಲ್ಲಿ ಬ್ಯಾಡಗಿಯಲ್ಲಿ ಸೇವೆಗೆ ಸೇರಿದ ಮಾಸ್ತರರು, ನೂರರೊಳಗಿನ ಅವಿಭಾಜ್ಯ ಸಂಖ್ಯೆಗಳನ್ನು ತರಗತಿಯ ಗೋಡೆಗೆ ಬರೆಸಿದ್ದರು. ಎರಡರಿಂದ ಶುರುವಾಗಿ ತೊಂಬತ್ತೇಳಕ್ಕೆ ಮುಗಿಯುವ ಆ ಪಟ್ಟಿಯನ್ನು ಮಕ್ಕಳು ದಿನವೂ ಪ್ರಾರ್ಥನೆಯಂತೆ ಹೇಳುತ್ತಿದ್ದರು. ಎಂಥ ಸಂಖ್ಯೆ ಬಂದರೂ ಇವುಗಳಿಂದ ಭಾಗಿಸಿ ನೋಡಬೇಕು, ಭಾಗವಾಗದಿದ್ದರೆ ಅವಿಭಾಜ್ಯವೆಂದು ಬರೆದು ಮುಂದೆ ಹೋಗಬೇಕು ಎಂಬುದು ಅವರ ಪಾಠ. ಹತ್ತು ಸಾವಿರದೊಳಗೆ ಅದು ಸರಿ. ಶಾಲೆಯ ಪರೀಕ್ಷೆಗಳು ಅದರಾಚೆ ಹೋಗುತ್ತಿರಲಿಲ್ಲ.

2003ರಲ್ಲಿ ಅವರು ಹತ್ತನೆಯ ತರಗತಿಯ ನೀಲಾಳನ್ನು ಹಾವೇರಿಯ ಒಂದು ಗಣಿತ ಸ್ಪರ್ಧೆಗೆ ಕರೆದೊಯ್ದರು. ಗೆದ್ದವರಿಗೆ ಪಿಯುಸಿ ಓದು, ಊಟ, ವಸತಿ ಉಚಿತ. ಸೋತರೆ ತಾಯಿ ಮೈಲವ್ವನೊಂದಿಗೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗಬೇಕೆಂದು ಮನೆಯಲ್ಲಿ ನಿಶ್ಚಯವಾಗಿತ್ತು. ಕೊನೆಯ ಪ್ರಶ್ನೆಗೆ ಬಂದದ್ದು 10,00,001. ಇದು ಅವಿಭಾಜ್ಯವೇ? ನೀಲಾ ತೊಂಬತ್ತೇಳರವರೆಗೆ ಭಾಗಿಸಿದಳು, ಆಗಲಿಲ್ಲ. ಶಿಕ್ಷಕರನ್ನು ಒಮ್ಮೆ ಕೇಳಲು ಅವಕಾಶವಿತ್ತು.

"ಸರ, ಇದು ನೂರರ ಘನ, ಅದರ ಮ್ಯಾಲೊಂದು. ಸೂತ್ರ ಹಚ್ಚಿ ನೋಡ್ಲೇನ್ರಿ?"

"ಟೈಮ್ ಎಲ್ಲೈತವಾ? ಪಟ್ಟಿ ಮುಗೀತಲ್ಲ. ಅವಿಭಾಜ್ಯ ಅಂತ ಹೇಳಿ ಕುಂದ್ರು."

ಅವಳು ಹಾಗೆಯೇ ಹೇಳಿ ಕುಳಿತಳು. ಆದರೆ 101ನ್ನು 9,901ರಿಂದ ಗುಣಿಸಿದರೆ 10,00,001 ಬರುತ್ತದೆ. ತೊಂಬತ್ತೇಳರ ನಂತರದ ಅವಿಭಾಜ್ಯ ಸಂಖ್ಯೆಯೇ ನೂರಾ ಒಂದು. ಘನಗಳ ಮೊತ್ತದ ಆ ಸೂತ್ರವನ್ನು ಅವಳಿಗೆ ಕಲಿಸಿದವರೂ ಮಾಸ್ತರರೇ. ಹಿಂದಿರುಗುವ ಬಸ್ಸಿನಲ್ಲಿಯೇ ತಪ್ಪು ಯಾರದೆಂದು ಅವರಿಗೆ ಗೊತ್ತಾಗಿತ್ತು. ಆದರೂ ಕೇಳಿದವರಿಗೆಲ್ಲ, "ಹುಡುಗಿ ಗಡಿಬಿಡಿ ಮಾಡಿದ್ಲು" ಎಂದರು. ಆ ವರ್ಷವೇ ನೀಲಾಳ ಓದು ನಿಂತಿತು.

ಮುಂದೆ ರಾಣೆಬೆನ್ನೂರಿನಲ್ಲಿ ಮಾಸ್ತರರು ಬೇರೆಯೇ ಶಿಕ್ಷಕರಾದರು. ಗೋಡೆಗೆ ಏನನ್ನೂ ಬರೆಸಲಿಲ್ಲ. ಮಕ್ಕಳ ಅನುಮಾನವನ್ನು ಪೂರ್ತಿ ಕೇಳದೆ ಉತ್ತರಿಸಲಿಲ್ಲ. ಕುಮಾರಪಟ್ಟಣದಿಂದ ಬರುವ ಮಕ್ಕಳಿಗಾಗಿ ಶಾಲೆ ಬಿಟ್ಟ ಮೇಲೂ ಕುಳಿತು ಕಲಿಸಿದರು. ಅವರಲ್ಲೊಬ್ಬನಾದ ಜಾಕೀರ್ ಈಗ ಕಾಲೇಜಿನಲ್ಲಿ ಗಣಿತದ ಉಪನ್ಯಾಸಕ. ಈ ಸಂಪುಟದ ಉಳಿದ ಲೇಖನಗಳು ಕೊಂಡಾಡುವ ತಾಳ್ಮೆ ಇದೇ. ಅದರ ಬೆಲೆ ತೆತ್ತವಳು ನೀಲಾ, ಫಲ ಉಂಡವರು ಉಳಿದವರು.

ನಿವೃತ್ತಿಯ ನಂತರ ಮಾಸ್ತರರು ಬ್ಯಾಡಗಿಗೆ ಹೋಗಿ ಅವಳೆದುರು ತಪ್ಪೊಪ್ಪಿಕೊಂಡರು. ಒಂಬತ್ತನೆಯ ತರಗತಿಯಲ್ಲಿರುವ ಅವಳ ಮಗಳಿಗೆ ತಾವೇ ಗಣಿತ ಹೇಳಿಕೊಡುವುದಾಗಿ ಹೇಳಿದರು.

"ಚಾ ಕುಡೀರಿ ಸರ," ಎಂದಳು ನೀಲಾ. "ತಪ್ಪು ಯಾರಿಗಾದ್ರೂ ಆಗ್ತೈತ್ರಿ. ಆದ್ರ ಹುಡುಗಿ ಗಡಿಬಿಡಿ ಮಾಡಿದ್ಲು ಅಂದ್ರಲ್ಲ, ನಮ್ಮವ್ವ ಸಾಯೂತನಕ ಅದನ್ನ ಖರೇ ಅಂತ ನಂಬಿದ್ಲು. ಮಗಳನ್ನ ನಿಮ್ಮ ಕಡೆ ಕಳಸಂಗಿಲ್ರಿ."

ಮಾಸ್ತರರು ಚಹಾ ಕುಡಿದು ಎದ್ದು ಬಂದರು.

ಅವರಿಗೆ ದೀರ್ಘಾಯುಷ್ಯವಿರಲಿ, ಕಲಿಸುವ ಕೆಲಸ ನಿವೃತ್ತಿಗೆ ನಿಲ್ಲದಿರಲಿ. ನೀಲಾಳ ಮಗಳು ಅವರ ಬಳಿ ಬರುವುದಿಲ್ಲ. ಬಂದ ಮಕ್ಕಳು ನಾಳೆ ತಪ್ಪಿದರೆ, ಅದರಲ್ಲಿ ತಮ್ಮ ಪಾಲೆಷ್ಟೆಂದು ಅವರು ಅಂದೇ ಹೇಳಲಿ.