ಎಣಿಕೆಯಕ್ಕ ನಿಲ್ಲಿಸಿದ ಪಂದ್ಯ

ವಾರಕ್ಕೆ ಆರು ದಿನ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸುಬಟ್ಟೆ ಇಸ್ತ್ರಿ ಮಾಡುವ ಹೆಂಗಸು ಏಳನೆಯ ದಿನ ಪಟ್ಟೆ ಅಂಗಿ ತೊಟ್ಟು ಕುಸ್ತಿಯ ತೀರ್ಪು ಕೊಡುತ್ತಾಳೆ ಎಂದರೆ ನರ್ಸುಗಳು ಮೊದಮೊದಲು ನಂಬುತ್ತಿರಲಿಲ್ಲ. ನಂಬಿದ ಮೇಲೆ ಎಲ್ಲರೂ ಕೇಳುತ್ತಿದ್ದುದು ಒಂದೇ: "ಅದೆಲ್ಲ ಮೊದಲೇ ಮಾತಾಡ್ಕೊಂಡಿರ್ತಾರಂತಲ್ಲ, ಹೌದಾ?"

"ಗೆಲ್ಲೋದನ್ನ ಮಾತಾಡ್ಕೊಂಡಿರ್ತಾರೆ. ಬೀಳೋದನ್ನ ಯಾರ ಹತ್ರ ಮಾತಾಡ್ಕೊಳ್ಳೋದು?" ಎಂದು ಅವಳು ಬಲ ಮೊಣಕಾಲು ತಟ್ಟಿ ತೋರಿಸುತ್ತಿದ್ದಳು. ಒಂಬತ್ತು ವರ್ಷ ಅವಳೂ ಕುಸ್ತಿಯಾಡಿದವಳೇ. ಕಾಲು ಕೈಕೊಟ್ಟ ಮೇಲೆ ರೆಫ್ರಿಯಾದಳು. ಬಿದ್ದವರ ಭುಜ ಮೇಲೇಳದಿದ್ದರೆ ಕಣದ ನೆಲಕ್ಕೆ ಅಂಗೈ ಬಡಿದು ಒಂದು, ಎರಡು, ಮೂರು ಎಂದು ಸೋಲು ಸಾರುವ ಅವಳಿಗೆ ಆಟಗಾರರು ಇಟ್ಟ ಹೆಸರು ಎಣಿಕೆಯಕ್ಕ.

ಅವರದು ದೊಡ್ಡ ಕಂಪನಿಯಲ್ಲ. ಮುಚ್ಚಿಹೋದ ಒಂದು ಗೋದಾಮಿನಲ್ಲಿ ಭಾನುವಾರ ಮಧ್ಯಾಹ್ನ ಆಟಗಾರರೇ ಸೇರಿ ಕಣ ಕಟ್ಟುತ್ತಿದ್ದರು: ಕಬ್ಬಿಣದ ಚೌಕಟ್ಟು, ಅದರ ಮೇಲೆ ಮರದ ಹಲಗೆ, ಹಲಗೆಗೆ ತೆಳ್ಳನೆಯ ಸ್ಪಂಜು, ಮೇಲೊಂದು ಬಿಗಿದ ಕ್ಯಾನ್ವಾಸು. ಸುತ್ತ ಇನ್ನೂರು ಕುರ್ಚಿ. ನೋಡುವವರ ಪಾಲಿಗೆ ರೆಫ್ರಿ ಎಂದರೆ ಮೋಸ ನಡೆಯುವ ಹೊತ್ತಿಗೆ ಸರಿಯಾಗಿ ಬೆನ್ನು ತಿರುಗಿಸುವ ಪೆದ್ದಿ. ಅವಳ ನಿಜವಾದ ಕೆಲಸ ಬೇರೆ. ಬಿದ್ದವನ ಮೇಲೆ ಬಾಗಿ "ಸರಿ ಇದ್ದೀಯಾ?" ಎಂದು ಕೇಳಬೇಕು. ಅವನು ಕೈ ಅದುಮಿದರೆ ಆಟ ಮುಂದುವರಿಯುತ್ತದೆ. ಅದುಮದಿದ್ದರೆ ಎರಡು ತೋಳನ್ನೂ ತಲೆಯ ಮೇಲೆ ಕತ್ತರಿಯಂತೆ ಹಿಡಿಯಬೇಕು. ಅಲ್ಲಿಗೆ ನಾಟಕ ಮುಗಿದು ಮಿಕ್ಕದ್ದು ನಿಜ ಎಂದರ್ಥ.

ಅವಳಿಗೆ ಪೆಟ್ಟಾಗದಂತೆ ಬೀಳುವುದನ್ನು ಕಲಿಸಿದವನು ಗೂಳಿ. ನಲವತ್ತೊಂಬತ್ತರ ದೊಡ್ಡಾಳು, ಕತ್ತೇ ಇಲ್ಲವೇನೋ ಎಂಬಂತೆ ಹೆಗಲ ಮೇಲೆ ಕೂತ ತಲೆ. ಓಡಿಬಂದು ಹಣೆಯಿಂದ ಗುದ್ದುವುದು ಇಪ್ಪತ್ತಾರು ವರ್ಷದಿಂದ ಅವನ ಪಟ್ಟು. ಕಣದ ಹೊರಗೆ ಇರುವೆಗೂ ದಾರಿ ಬಿಡುವ ಮನುಷ್ಯ. ಅವಳು ಅವನನ್ನು ಅಣ್ಣ ಎನ್ನುತ್ತಿದ್ದಳು, ಅವನ ಹೆಂಡತಿಯನ್ನು ಅತ್ತಿಗೆ. ಮೊಣಕಾಲಿನ ಆಪರೇಷನ್ ಆದಾಗ ಮೂರು ವಾರ ಅತ್ತಿಗೆಯ ಹೊಲಿಗೆ ಮಷೀನಿನ ಪಕ್ಕದ ಮಂಚದಲ್ಲೇ ಮಲಗಿದ್ದಳು. ಅತ್ತಿಗೆ ಒಂದು ಕಾಲಲ್ಲಿ ಪೆಡಲು ತುಳಿಯುತ್ತಲೇ ಇವಳಿಗೆ ಬ್ರೆಡ್ಡು, ಹಾಲು ಕೊಟ್ಟು ನೋಡಿಕೊಂಡವಳು.

ಮೊದಲ ಸಲ ಅನುಮಾನ ಬಂದದ್ದು ಒಂದು ಸಾಧಾರಣ ಪಂದ್ಯದ ನಡುವೆ. ಹಗ್ಗಕ್ಕೆ ಒರಗಿದ್ದ ಗೂಳಿ ತುಟಿ ಅಲುಗಿಸದೆ ಕೇಳಿದ: "ಇವತ್ತು ನಾನು ಗೆಲ್ತೀನಾ, ಸೋಲ್ತೀನಾ?"

ತಮಾಷೆ ಎಂದುಕೊಂಡಳು. ಅವನ ಕಣ್ಣಲ್ಲಿ ತಮಾಷೆ ಇರಲಿಲ್ಲ.

"ಸೋಲ್ತೀಯಣ್ಣ. ಅವನು ಎತ್ತಿ ಹಾಕ್ತಾನೆ, ಹಾಗೇ ಮಲಗಿಬಿಡು."

ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಗೂಳಿ ಅವಳ ಮಣಿಕಟ್ಟು ಹಿಡಿದುಕೊಂಡ. "ನಿದ್ದೆ ಸರಿಯಾಗ್ತಿಲ್ಲ ಕಣೇ, ಅಷ್ಟೇ. ನಿಮ್ಮತ್ತಿಗೆಗೆ ಹೇಳ್ಬೇಡ, ಸುಮ್ನೆ ಹೆದರ್ಕೋತಾಳೆ."

"ಡಾಕ್ಟರಿಗಾದ್ರೂ ತೋರ್ಸು."

"ತೋರಿಸಿದ್ರೆ ಆಡ್ಬೇಡ ಅಂತಾರೆ. ಆಡದೆ ಏನ್ಮಾಡ್ಲಿ? ಮನೇಲಿ ಕೂತು ಗುಂಡಿ ಹೊಲೀಲಾ?"

ಆ ಕೈಯಲ್ಲಿ ಸೂಜಿಯನ್ನು ನೆನೆದು ಅವಳಿಗೆ ನಗು ಬಂತು. ಆ ನಗುವೇ ಒಪ್ಪಿಗೆಯಾಗಿ ಹೋಯಿತು.

ಅಲ್ಲಿಂದ ಎರಡು ವರ್ಷ ಅವಳು ಅವನನ್ನು ಕಿವಿಯ ಮೂಲಕ ನಡೆಸಿದಳು. ಗದರಿಸುವ ನೆಪದಲ್ಲಿ ಹತ್ತಿರ ಹೋಗಿ, "ಎಡಕ್ಕೆ ತಿರುಗು. ಈಗ ಹಗ್ಗ. ತಲೆ ಬೇಡ, ಹೆಗಲು ಕೊಡು" ಎನ್ನುತ್ತಿದ್ದಳು. ಅವನು ತಲೆಯನ್ನೇ ಕೊಡುತ್ತಿದ್ದ. ಮನಸ್ಸು ಮರೆತರೂ ಮೈ ಏನನ್ನೂ ಮರೆತಿರಲಿಲ್ಲ. "ಗೂಳಿ ಈ ನಡುವೆ ಎಷ್ಟು ಚೆನ್ನಾಗಿ ಆಡ್ತಾನೆ" ಎಂದು ಮ್ಯಾನೇಜರು ಹೊಗಳಿದಾಗ ಅವಳಿಗೆ ಒಳಗೊಳಗೇ ಹೆಮ್ಮೆಯೂ ಆಗಿತ್ತು. ಅದನ್ನು ಅವಳು ಒಪ್ಪಿಕೊಂಡದ್ದು ಬಹಳ ದಿನದ ಮೇಲೆ.

ಅವಳ ಗಂಡ ಬಸ್ ಡಿಪೋದಲ್ಲಿ ಟೈರು ನೋಡಿಕೊಳ್ಳುವವನು, ಮಾತು ಕಡಿಮೆ. ವಿಷಯ ತಿಳಿದದ್ದು ಅವನೊಬ್ಬನಿಗೇ. "ಸವೆದು ದಾರ ಕಾಣ್ತಿರೋ ಟೈರಿಗೆ ಗಾಳಿ ಹೊಡೀತಿದೀಯ ನೀನು. ಹೇಳ್ಬಿಡು," ಎಂದ.

"ಮುಂದಿನ ತಿಂಗಳು ಹೇಳ್ತೀನಿ," ಎಂದಳು. ಹಾಗೆ ಎಷ್ಟೋ ತಿಂಗಳು ಕಳೆದವು.

ಹೀಗಿರುವಾಗ ಒಂದು ಭಾನುವಾರ ಗೂಳಿಯ ಎದುರಾಳಿ ವೆಲ್ಡಿಂಗ್ ಕೆಲಸದ ಯುವಕ, ಎಲ್ಲರೂ ಅವನನ್ನು ವೆಲ್ಡರ್ ಎಂದೇ ಕರೆಯುತ್ತಿದ್ದರು. ಗೋದಾಮು ತುಂಬಿ ತುಳುಕುತ್ತಿತ್ತು. ತಗಡಿನ ಚಾವಣಿಗೆ ಬಡಿದು ಮರಳುವ ಗದ್ದಲದಲ್ಲಿ ಅವಳ ಪಿಸುಮಾತು ಗೂಳಿಗೆ ಕೇಳಿಸುತ್ತಿರಲಿಲ್ಲ. ವೆಲ್ಡರ್ ಅವನನ್ನು ಎತ್ತಿ ಹಾಕಿದ. ತಲೆಯ ಹಿಂಭಾಗ ಹಲಗೆಗೆ ಬಡಿದ ಸದ್ದು ಅವಳ ಪಾದದಲ್ಲಿ ಗೊತ್ತಾಯಿತು.

"ಸರಿ ಇದ್ದೀಯಾ?"

ಕೈ ಅದುಮಿದ. ಅವಳು ಎಣಿಸತೊಡಗಿದಳು. ಮೂರಕ್ಕೆ ಸೋಲಬೇಕಾದ ಗೂಳಿ ಎರಡಕ್ಕೇ ಭುಜ ಎತ್ತಿ ಎದ್ದು ನಿಂತ. ಎದುರಿನವನನ್ನು ಎಂದೂ ಕಾಣದವನಂತೆ ನೋಡಿ, ಹಿಂದಿನಿಂದ ಅವನ ಕುತ್ತಿಗೆಗೆ ತೋಳು ಹಾಕಿ ಬಿಗಿದ. ವೆಲ್ಡರ್ ಅವಳ ಬೂಟನ್ನು ಪಟಪಟ ತಟ್ಟಿದ. ಬಿಡಿಸು ಎಂಬ ಗುರುತು ಅದು.

"ಅಣ್ಣ, ಬಿಡು. ಆಟ ಮುಗೀತು."

"ಯಾರಮ್ಮ ನೀನು?" ಎಂದ ಗೂಳಿ. "ಇವನು ನನ್ನ ಹೊಡೀತಿದಾನೆ. ಯಾರನ್ನಾದ್ರೂ ಕರಿ."

ಅವಳು ತೋಳು ಕತ್ತರಿ ಹಾಕಿ ತಲೆಯ ಮೇಲೆ ಹಿಡಿದಳು. ಇದೂ ಆಟವೆಂದು ಜನ ಕುರ್ಚಿ ಹತ್ತಿ ಶಿಳ್ಳೆ ಹೊಡೆದರು. ಪರದೆಯ ಸಂದಿನಿಂದ ಮ್ಯಾನೇಜರು, ಚೆನ್ನಾಗಿದೆ, ಮುಂದುವರಿಸು ಎಂದು ಕೈ ತಿರುಗಿಸಿದ. ಅವಳು ತೋಳು ಇಳಿಸದೆ "ನಿಜ, ಇದು ನಿಜ" ಎಂದು ಗಂಟಲು ಹರಿಯುವಂತೆ ಕೂಗಿದಳು. ಕೊನೆಗೆ ಮೂವರು ಆಟಗಾರರು ಓಡಿಬಂದು ಬೆರಳು ಬೆರಳಾಗಿ ಬಿಡಿಸಿದರು. ವೆಲ್ಡರ್ ಉಳಿದುಕೊಂಡ, ದನಿ ಮಾತ್ರ ಒಡೆದುಹೋಯಿತು. ಗೂಳಿ ಮೂಲೆಯ ಕಂಬ ಹಿಡಿದು ಕೂತು, ತನ್ನ ಚಪ್ಪಲಿ ಎಲ್ಲಿ ಎಂದು ಅಳುತ್ತಿದ್ದ.

ಸ್ಕ್ಯಾನ್ ನೋಡಿದ ಡಾಕ್ಟರು, ವರ್ಷಗಟ್ಟಲೆ ತಲೆಗೆ ಬಿದ್ದ ಪೆಟ್ಟಿನಿಂದ ಬಂದ ಮರೆವಿನ ಕಾಯಿಲೆ ಎಂದರು. "ಈ ಎರಡು ವರ್ಷ ಆಡದೆ ಇದ್ದಿದ್ರೆ?" ಎಂದು ಎಣಿಕೆಯಕ್ಕ ತಾನಾಗಿಯೇ ಕೇಳಿದಳು.

"ಬರ್ತಾನೇ ಇರ್ಲಿಲ್ಲ ಅನ್ನಕ್ಕಾಗಲ್ಲ. ಇಷ್ಟು ಬೇಗ ಬಹುಶಃ ಬರ್ತಿರ್ಲಿಲ್ಲ."

ಹೊರಗಿನ ಉದ್ದನೆಯ ಬೆಂಚಿನ ಮೇಲೆ ಅತ್ತಿಗೆ ಅವಳತ್ತ ತಿರುಗಿದಳು. "ಎರಡು ವರ್ಷ ಅಂತ ಯಾಕೆ ಕೇಳ್ದೆ?"

ಅವಳು ಎಲ್ಲವನ್ನೂ ಹೇಳಿದಳು. ಕೆನ್ನೆಗೆ ಏಟು ಬೀಳುತ್ತದೆ ಎಂದುಕೊಂಡಳು. ಬಿದ್ದಿದ್ದರೆ ಚೆನ್ನಾಗಿತ್ತು.

"ಒಲೆ ಆರ್ಸೋದು ಮರೀತಿದ್ರು," ಎಂದಳು ಅತ್ತಿಗೆ, ಗೋಡೆ ನೋಡುತ್ತಾ. "ಬಾಗಿಲು ಹಾಕೋದು ಮರೀತಿದ್ರು. ಬೇಕಂತ ಮಾಡ್ತಾರೆ ಅಂದ್ಕೊಂಡೆ. ದಿನಾ ಬೈದೆ. ಒಂದು ಸಲ ಊಟದ ತಟ್ಟೆ ಕಿತ್ಕೊಂಡೆ. ನೀನು ಒಂದು ಮಾತು ಹೇಳಿದ್ರೆ ನಾನು ಬೈತಿರ್ಲಿಲ್ಲ."

ಅಷ್ಟೇ. ಆಮೇಲೆ ಅತ್ತಿಗೆ ಅವಳ ಜೊತೆ ಮಾತಾಡಲಿಲ್ಲ.

ಎರಡು ತಿಂಗಳಿಗೆ ಅತ್ತಿಗೆ ಮನೆ ಖಾಲಿ ಮಾಡಿ ತನ್ನ ಅಕ್ಕನ ಊರಿಗೆ ಹೊರಟಳು. ಎಣಿಕೆಯಕ್ಕ ಸಾಮಾನು ಏರಿಸಲು ಹೋದಳು. ಬೇಡ ಎನ್ನುವವರೂ ಇರಲಿಲ್ಲ, ಬಾ ಎನ್ನುವವರೂ ಇರಲಿಲ್ಲ. ವ್ಯಾನಿನ ಮುಂದಿನ ಸೀಟಿನಲ್ಲಿ ಕೂತಿದ್ದ ಗೂಳಿ ಅವಳನ್ನು ಕಂಡು ಸಭ್ಯವಾಗಿ ನಕ್ಕ. "ತಾವು ಯಾರ ಕಡೆಯವರು?" ಎಂದು ಕೇಳಿದ. ಅವಳು ಹೊಲಿಗೆ ಮಷೀನಿನ ಒಂದು ತುದಿ ಹಿಡಿದು ವ್ಯಾನಿಗೆ ಏರಿಸಿದಳು.

ಅಷ್ಟರಲ್ಲಿ ಆ ಪಂದ್ಯದ ವಿಡಿಯೊ ಊರೆಲ್ಲ ಸುತ್ತಿತ್ತು. ಅದನ್ನೇ ಕಥೆ ಮಾಡಿ ಇನ್ನೊಮ್ಮೆ ಆಡಿಸೋಣ, ಆ ತೋಳು ಎತ್ತುವುದನ್ನು ಹಾಗೇ ಮಾಡು ಎಂದ ಮ್ಯಾನೇಜರು. ಕಣದ ಪಕ್ಕ ಒಬ್ಬ ಡಾಕ್ಟರು ಇರಬೇಕೆಂದು ಅವಳು ಬರೆದುಕೊಟ್ಟ ಕಾಗದಕ್ಕೆ "ನೋಡೋಣ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ. ಅವಳು ಪಟ್ಟೆ ಅಂಗಿಯನ್ನು ಒಗೆದು, ಮಡಿಸಿ, ವಾಪಸು ಕೊಟ್ಟು ಬಂದಳು.

ಮಾರನೆಯ ವರ್ಷ ಆ ತಂಡದ ಒಬ್ಬ ಹುಡುಗಿ ಲಾಂಡ್ರಿಗೇ ಹುಡುಕಿಕೊಂಡು ಬಂದಳು. ಬಿದ್ದಾಗಿನಿಂದ ತಲೆನೋವು, ಬೆಳಕು ಕಂಡರೆ ವಾಂತಿ. "ಆಡ್ಬಹುದಾ ಅಕ್ಕ?"

"ಆಡ್ಬೇಡ. ಮನೇಲಿ ಹೇಳಿದೀಯಾ?"

"ಇಲ್ಲ. ನೀವೂ ಹೇಳ್ಬೇಡಿ."

"ಹೇಳ್ತೀನಿ," ಎಂದಳು ಎಣಿಕೆಯಕ್ಕ. ಹುಡುಗಿ ಮುಖ ತಿರುಗಿಸಿ ಹೊರಟುಹೋದಳು. ವೆಲ್ಡರನಿಂದ ನಂಬರು ಪಡೆದು, ಮಧ್ಯಾಹ್ನದ ಬಿಡುವಿನಲ್ಲಿ ಅವಳು ಆ ಮನೆಗೆ ಫೋನು ಮಾಡಿದಳು. ಹುಡುಗಿಯ ತಂದೆ ಕೊನೆಯವರೆಗೂ ಕೇಳಿ "ಹೂಂ" ಎಂದು ಇಟ್ಟುಬಿಟ್ಟ. ಮುಂದಿನ ಭಾನುವಾರದ ಪೋಸ್ಟರಿನಲ್ಲಿ ಹುಡುಗಿಯ ಚಿತ್ರ ಇರಲಿಲ್ಲ. ಬೇರೆ ಊರಿನ ಇನ್ನೊಂದು ತಂಡ ಸೇರಿದ್ದಾಳೆಂದು ಆಮೇಲೆ ವೆಲ್ಡರ್ ಒಡೆದ ದನಿಯಲ್ಲಿ ಹೇಳಿದ. ಅಲ್ಲಿ ರೆಫ್ರಿ ಯಾರೆಂದು ಅವನಿಗೂ ಗೊತ್ತಿರಲಿಲ್ಲ.