ರಂಜಾನ್ ಗೊತ್ತಿಲ್ಲದ ಕಾವಲುಗಾರ

ಮೆಕ್ನೆಸ್ ಪಟ್ಟಣದ ಒಂದು ಸಣ್ಣ ಕಚೇರಿಯಲ್ಲಿ ವಿದಾದಳನ್ನು ಎಲ್ಲರೂ ‘ಬಾಗಿಲಮ್ಮ’ ಎಂದೇ ಕರೆಯುತ್ತಿದ್ದರು. ಡಯಾಲಿಸಿಸ್ ಕೇಂದ್ರವೊಂದರ ಜಾಲತಾಣಕ್ಕೆ ಮಿಡಲ್‌ವೇರ್ ಬರೆದುಕೊಟ್ಟವಳು ಅವಳು. ಮಿಡಲ್‌ವೇರ್ ಎಂದರೆ, ಹೊರಗಿನಿಂದ ಬಂದ ಕೋರಿಕೆ ಒಳಗಿನ ಕೆಲಸವನ್ನು ಮುಟ್ಟುವ ಮುಂಚೆ ಸಾಲಾಗಿ ನಿಂತ ಕಾವಲುಗಾರರು ಎನ್ನಿ. ಒಬ್ಬ ಹೆಸರು ಕೇಳಿ ಚೀಟಿ ಕೊಡುತ್ತಾನೆ, ಇನ್ನೊಬ್ಬ ಆ ಚೀಟಿ ನೋಡುತ್ತಾನೆ, ಸರಿಯಿದ್ದರೆ ‘ಮುಂದೆ’ ಎಂದು ಬಿಡುತ್ತಾನೆ. ಮನೆಯ ಬೀಗವನ್ನು ಇನ್ನೊಮ್ಮೆ ಎಳೆದು ನೋಡಲು ಮೂರು ಮಹಡಿ ಹತ್ತಿ ಬರುವ ಹುಡುಗಿ ಅವಳು. ಅಂಥವಳೇ ಎಡವಿದಳು.

ಉಪವಾಸಕ್ಕೆ ಮುಂಚಿನ ಭಾನುವಾರ. ಅಡುಗೆಮನೆಯಲ್ಲಿ ತಾಯಿ ಹಬ್ಬದ ಸಿಹಿತಿಂಡಿ ಶೆಬ್ಬಾಕಿಯಾ ಕರಿದು ಜೇನಿಗೆ ಹಾಕುತ್ತಿದ್ದಳು. ಕೇಂದ್ರದಿಂದ ಲಲ್ಲಾ ತಾಮೊ ಫೋನ್ ಮಾಡಿದಳು. ಅಲ್ಲಿ ರೋಗಿಗಳ ಸರದಿ ನೋಡುವವಳು ಅವಳೇ.

“ಏನೇ ವಿದಾದ್, ನಿನ್ ಕಾವಲುಗಾರನಿಗೆ ತಲೆ ಕೆಟ್ಟಿದೆಯಾ? ಚೀಟಿ ಕೈಗೆ ಬರೋದ್ರೊಳಗೆ ‘ಹೊತ್ತು ಮೀರಿತು’ ಅಂತ ಎಲ್ರನ್ನೂ ಆಚೆ ದಬ್ತಿದಾನೆ. ಹನ್ನೆರಡರೊಳಗೆ ರೋಗಿಗಳು ಒಪ್ಪಿಗೆ ಒತ್ತದಿದ್ರೆ ನಾಳೆ ಅವ್ರ ಡಯಾಲಿಸಿಸ್ ಕುರ್ಚಿ ಬೇರೆಯೋರ ಪಾಲು!”

ಆ ನಿಯಮ ಬರೆದವಳೂ ವಿದಾದಳೇ. ಫೋನಿನಲ್ಲಿ ಗಂಟೆ ಹನ್ನೊಂದೂಕಾಲು. ಅವಳು ಲ್ಯಾಪ್‌ಟಾಪ್ ತೆರೆದಳು.

“ಆ ದರಿದ್ರದವನನ್ನ ಕಿತ್ತಾಕು, ಎಲ್ರೂ ಒಳಗೆ ಬರ್ಲಿ,” ಎಂದಳು ಲಲ್ಲಾ ತಾಮೊ.

“ಕಿತ್ರೆ ರೋಗಿಗಳ ವಿಷಯವೆಲ್ಲ ಬೀದಿಪಾಲಾಗತ್ತೆ, ಲಲ್ಲಾ. ಸ್ವಲ್ಪ ತಡ್ಕೊ.”

ತಡೆಯಲಾರದವಳು ವಿದಾದಳೇ. ಬರೆದ ಸಾಲನ್ನೇ ಹತ್ತು ಸಲ ಓದಿದಳು, ಏನೂ ಕಾಣಲಿಲ್ಲ. ಕುರ್ಚಿ ತಪ್ಪಿದವರ ಮೈಯಲ್ಲಿ ನಾಳೆ ನೀರು ತುಂಬುತ್ತದೆ, ಅದಕ್ಕೆ ನಾನೇ ಕಾರಣ ಎಂದುಕೊಂಡು ಹನ್ನೊಂದನೇ ಸಲ ಓದಿದಳು.

ತಾಯಿ ಒಳಗಿನಿಂದ ಕೂಗಿದಳು: “ಗೋಡೆ ಗಡಿಯಾರ ಹಿಂದಕ್ಕೆ ತಿರುಗಿಸೇ! ಇನ್ನೂ ನಿನ್ನೆ ಹೊತ್ತೇ ತೋರಿಸ್ತಿದೆ.”

ವಿದಾದ್ ಹಣೆ ಚಚ್ಚಿಕೊಂಡಳು. ಪ್ರತಿ ವರ್ಷದಂತೆ ರಂಜಾನಿಗೆಂದು ನಿನ್ನೆ ರಾತ್ರಿ ಇಡೀ ದೇಶದ ಗಡಿಯಾರ ಒಂದು ಗಂಟೆ ಹಿಂದೆ ಸರಿದಿತ್ತು. ಚೀಟಿ ಕೊಡುವವನು ಹೊಸ ಹೊತ್ತು ಬರೆಯುತ್ತಿದ್ದ. ಚೀಟಿ ನೋಡುವವನಿಗೋ ‘ಒಂದು ಗಂಟೆ ಸೇರಿಸಿ ಎಣಿಸು’ ಎಂದು ಅವಳೇ ಬೇಸಿಗೆಯಲ್ಲಿ ಬರೆದಿಟ್ಟಿದ್ದಳು. ಅವನ ಗಡಿಯಾರ ಇನ್ನೂ ಒಂದು ಗಂಟೆ ಮುಂದೆಯೇ ಓಡುತ್ತಿತ್ತು. ಒಂದೇ ಗಂಟೆ ಬಾಳುವ ಚೀಟಿ ಹುಟ್ಟುತ್ತಲೇ ಸಾಯುತ್ತಿತ್ತು.

ವಿಷಯ ಕೇಳಿ ತಾಯಿ ನಕ್ಕಳು. “ಉಪವಾಸ ಬರೋದು ಊರ ಕತ್ತೆಗೂ ಗೊತ್ತು. ನಿನ್ ಕಾವಲುಗಾರನಿಗೆ ಯಾರೂ ಹೇಳ್ಲಿಲ್ವಾ?”

ಇಬ್ಬರಿಗೂ ಒಂದೇ ಗಡಿಯಾರ ಕೊಟ್ಟು ಮುಗಿಸುವಾಗ ಹನ್ನೆರಡಕ್ಕೆ ಹದಿನೈದು ನಿಮಿಷ. ರೋಗಿಗಳು ಒಬ್ಬೊಬ್ಬರಾಗಿ ಒಳಗೆ ಬಂದರು. ಹಾಜಿ ಬೂಅಝ್ಝಾ ಒಬ್ಬರು ಬರಲಿಲ್ಲ. ಲಲ್ಲಾ ತಾಮೊಳಿಂದ ನಂಬರು ಪಡೆದು ವಿದಾದ್ ತಾನೇ ಫೋನ್ ಮಾಡಿದಳು.

“ಆರು ಸಲ ಒತ್ತಿದೆ, ಮಗಳೇ,” ಎಂದರು ಮುದುಕರು. “ವಯಸ್ಸಾಯ್ತಲ್ಲ, ನನ್ ಬೆರಳಿಗೇ ಬುದ್ಧಿಯಿಲ್ಲ ಅಂದ್ಕೊಂಡು ಸುಮ್ನಾದೆ.”

“ಇನ್ನೊಂದ್ಸಲ ಒತ್ತಿ, ಹಾಜಿ. ನಾನು ಫೋನ್ ಇಡಲ್ಲ.”

ಹನ್ನೆರಡಕ್ಕೆ ಮೂರು ನಿಮಿಷ. ಎರಡು.

“ಒಳಗೆ ಬಿಡ್ತು, ಒಪ್ಪಿಗೆ ಒತ್ತಿದೆ!” ಎಂದರು ಅವರು. ಆಮೇಲೆ ದನಿ ತಗ್ಗಿಸಿ, “ನನ್ನಿಂದ ನಿನಗೆ ತೊಂದ್ರೆ ಆಯ್ತು, ಕ್ಷಮಿಸಮ್ಮ” ಎಂದರು.